ಅಂಗಡಿಗೆ ನೀರು ನುಗ್ಗೋ ಮುಂಚೆ, ನುಗ್ಗಿದ ಮೇಲೆ: ಮಲ್ನಾಡಿನ ಸಣ್ಣ ವ್ಯಾಪಾರಸ್ಥರಿಗೆ ಒಂದು ಪೂರ್ತಿ ಮಾರ್ಗದರ್ಶಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಅಂಗಡಿ ಇಟ್ಕೊಂಡಿರೋರಿಗೆ ಮಳೆ ಏನೂ ಹೊಸದಲ್ಲ, ಆದ್ರೂ ಪ್ರತಿ ಸಲ ಜೋರು ಮಳೆ ಬಂದಾಗ ಯಾವುದೋ ಒಂದಷ್ಟು ಅಂಗಡಿ ಮುಚ್ಚಿದ್ದು ಮತ್ತೆ ತೆಗೆಯೋದೇ ಇಲ್ಲ. ನಾನು ಸಣ್ಣ ಅಂಗಡಿಗಳ ಲೆಕ್ಕ-ಪತ್ರ, ಜಿಎಸ್‌ಟಿ ಕೆಲಸ ಮಾಡೋನು, ಹಾಗಾಗಿ ಮುಚ್ಚಿದ ಅಂಗಡಿಗಳ ಪುಸ್ತಕನೂ ನೋಡಿದೀನಿ, ವಾರದೊಳಗೆ ಶಟರ್ ಎತ್ತಿದವರ ಪುಸ್ತಕನೂ ನೋಡಿದೀನಿ. ಸರಕು ಹಾಳಾಯ್ತು ಅಂತ ವ್ಯಾಪಾರ ನಿಲ್ಲೋದು ಕಮ್ಮಿ, ಹೋಲ್‌ಸೇಲ್‌ನವರು ಹಳೇ ಗಿರಾಕಿ ಅಂತ ಒಂದು ತಿಂಗಳ ಸಾಲಕ್ಕೆ ಮತ್ತೆ ಮಾಲು ಕೊಡ್ತಾರೆ. ಉದ್ರಿ ಪುಸ್ತಕ ನೀರಲ್ಲಿ ಹೋಯ್ತು, ಇನ್ಶೂರೆನ್ಸ್ ಪಾಲಿಸಿಯಲ್ಲಿ ಗೋಡೌನಿನ ಅಡ್ರೆಸ್ಸೇ ಇರ್ಲಿಲ್ಲ, ಸ್ಟಾಕ್ ಎಷ್ಟಿತ್ತು ಅಂತ ತೋರ್ಸಕ್ಕೆ ಒಂದು ಕಾಗದ ಇಲ್ಲ, ಹೀಗೆ ಆದಾಗ ನಿಲ್ಲೋದು. ಅದಕ್ಕೇ ಈ ಬರಹದಲ್ಲಿ ಮರಳು ಚೀಲಕ್ಕಿಂತ ಕಾಗದದ ಮಾತು ಜಾಸ್ತಿ ಇದೆ, ಬೇಜಾರು ಮಾಡ್ಕೊಳ್ಳದೆ ಓದಿ.

ಹೆಜ್ಜೆ 1: ನಿಮ್ಮ ಅಂಗಡಿಗೆ ಅಪಾಯ ಯಾವ ಕಡೆಯಿಂದ ಬರತ್ತೆ ಅಂತ ಗುರ್ತು ಮಾಡಿ

ಎಲ್ಲರಿಗೂ ಒಂದೇ ಪ್ಲಾನ್ ಆಗಲ್ಲ. ಶಿವಮೊಗ್ಗ ಊರೊಳಗೆ ತುಂಗೆ ಹತ್ರ ತಗ್ಗಲ್ಲಿರೋ ಅಂಗಡಿಗೆ ಹೊಳೆ ನೀರಿನ ಚಿಂತೆ. ಗಾಂಧಿ ಬಜಾರ್ ಥರ ಗೋಡೆಗೆ ಗೋಡೆ ತಾಗಿರೋ ಕಡೆ ಬೆಂಕಿ ಚಿಂತೆ ಜಾಸ್ತಿ. ಆಗುಂಬೆ, ಹುಲಿಕಲ್ ಕಡೆಯವರಿಗೆ ಗುಡ್ಡ ಜರಿದು ಘಾಟಿ ಬಂದ್ ಆಗೋದು, ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗೋದು. ಬಯಲಲ್ಲಿ, ದಿಬ್ಬದ ಮೇಲೆ ಒಂಟಿಯಾಗಿರೋ ರೈಸ್ ಮಿಲ್ಲು, ವರ್ಕ್‌ಶಾಪಿಗೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಿಡಿಲು.

ಗಾಜನೂರು ಡ್ಯಾಮಿನ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಊರಲ್ಲಿ ಸುಮಾರು ಜನ "ಡ್ಯಾಂ ಇದೆಯಲ್ಲ, ತಡ್ಕೊಳತ್ತೆ" ಅಂತ ಕೂತಿರ್ತಾರೆ. ಗಾಜನೂರಿನ ಈ ತುಂಗಾ ಡ್ಯಾಮಲ್ಲಿ ಹಿಡಿಯೋದು ಬರೀ 3.24 ಟಿಎಂಸಿ ನೀರು. ಲಿಂಗನಮಕ್ಕಿ ಹಿಡಿಯೋದು 150 ಟಿಎಂಸಿಗೂ ಮೇಲೆ, ಅದು ತುಂಬೋಕೆ ವಾರಗಟ್ಟಲೆ ಬೇಕು. ಗಾಜನೂರು ಮುಂಗಾರು ಶುರುವಾಗಿ ಸ್ವಲ್ಪ ದಿನಕ್ಕೇ ತುಂಬಿಬಿಡತ್ತೆ, ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಎಷ್ಟು ಬೀಳತ್ತೋ ಅಷ್ಟನ್ನೂ ಕೆಳಗೆ ಬಿಡಲೇಬೇಕು. ಅಂದ್ರೆ ಶಿವಮೊಗ್ಗದಲ್ಲಿ ಬಿಸಿಲಿದ್ರೂ ನಿಮ್ಮ ಅಂಗಡಿಗೆ ನೀರು ಬರಬಹುದು. ಅದಕ್ಕೆ ನೋಡ್ಬೇಕಾಗಿರೋದು ನಿಮ್ಮ ತಲೆ ಮೇಲಿನ ಮೋಡ ಅಲ್ಲ, ಮೇಲ್ಗಡೆಯ ಮಳೆ ಮತ್ತೆ ಡ್ಯಾಮಿನ ಹೊರಹರಿವು. ಊರಿನ ಹಿರಿಯರು ಕೋರ್ಪಲಯ್ಯನ ಛತ್ರದ ಹತ್ರ ಹೊಳೆಯಲ್ಲಿರೋ ಮಂಟಪ ಎಷ್ಟು ಮುಳುಗಿದೆ ಅಂತ ನೋಡಿ ಅಂದಾಜು ಮಾಡ್ತಾರೆ, ತೀರ್ಥಹಳ್ಳಿಯವರು ರಾಮಮಂಟಪ ನೋಡ್ತಾರೆ, ಇದು ಈಗಲೂ ಉಪಯೋಗಕ್ಕೆ ಬರೋ ಅಳತೆ. ಜೊತೆಗೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, 92433 45433, ಕನ್ನಡದಲ್ಲೇ ಮಳೆ ಮುನ್ಸೂಚನೆ ಹೇಳ್ತಾರೆ. ಸಿಡಿಲಿಗೆ ದಾಮಿನಿ ಆ್ಯಪ್ ಹಾಕ್ಕೊಳ್ಳಿ.

ಪಕ್ಕದ ಅಂಗಡಿಯ ಹಳಬರನ್ನ ಕೇಳಿ, 2019ರ ಆಗಸ್ಟಲ್ಲಿ ಇಲ್ಲಿ ಎಲ್ಲಿವರೆಗೆ ನೀರು ನಿಂತಿತ್ತು ಅಂತ. ಆ ಎತ್ತರಕ್ಕೆ ಒಳಗೋಡೆ ಮೇಲೆ ಪೇಂಟಲ್ಲಿ ಒಂದು ಗೆರೆ ಎಳೀರಿ. ಮುಂದೆ ಬರೋ ಎಷ್ಟೋ ಕೆಲಸಕ್ಕೆ ಆ ಗೆರೆನೇ ಆಧಾರ.

ಹೆಜ್ಜೆ 2: ಉದ್ರಿ ಲೆಕ್ಕ ಮತ್ತೆ ಕಾಗದ-ಪತ್ರ ಅಂಗಡಿಯಿಂದ ಆಚೆನೂ ಇರ್ಲಿ

ಇದೊಂದನ್ನ ಈ ವಾರನೇ ಮಾಡಿ, ಬೇರೆ ಏನೂ ಮಾಡ್ದೇ ಇದ್ರೂ ಪರ್ವಾಗಿಲ್ಲ. ಮಲ್ನಾಡಲ್ಲಿ ವ್ಯಾಪಾರ ನಡೆಯೋದೇ ಉದ್ರಿ ಮೇಲೆ, ಅಡಿಕೆ ಕೊಯ್ಲಾದ ಮೇಲೆ ಕೊಡ್ತೀನಿ ಅಂತ ಜೂನಿಂದ ಬರ್ಸ್ಕೊಂಡು ಹೋಗೋರು ಇರ್ತಾರೆ, ಅಂದ್ರೆ ಜೋರು ಮಳೆ ಬರೋ ಹೊತ್ತಿಗೆ ನಿಮ್ಮ ದುಡ್ಡಿನ ದೊಡ್ಡ ಪಾಲು ಆ ಪುಸ್ತಕದಲ್ಲಿರತ್ತೆ, ಗಲ್ಲಾಪೆಟ್ಟಿಗೆಯಲ್ಲಿ ಅಲ್ಲ. ಶನಿವಾರ ಸಂಜೆ ಅಂಗಡಿ ಮುಚ್ಚೋ ಮುಂಚೆ ಆ ವಾರ ಬರೆದ ಹಾಳೆಗಳ ಫೋಟೋ ಹೊಡೆದು ಮನೆಯವರ ಮೊಬೈಲಿಗೆ ಕಳ್ಸಿ, ಅಷ್ಟೇ. ಹುಡುಗರ ಕೈಲಿ ಗೂಗಲ್ ಡ್ರೈವಲ್ಲಿ ಒಂದು ಫೋಲ್ಡರ್ ಮಾಡ್ಸಿದ್ರೆ ಇನ್ನೂ ಒಳ್ಳೇದು.

ಟ್ಯಾಲಿ ಇಟ್ಟಿರೋರು ಬ್ಯಾಕಪ್ಪನ್ನ ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವಿಗೆ ತಗೊಂಡ್ರೆ ಅದು ಬ್ಯಾಕಪ್ಪೇ ಅಲ್ಲ, ಕಂಪ್ಯೂಟರ್ ಮುಳುಗಿದ್ರೆ ಎರಡೂ ಮುಳುಗತ್ತೆ. ಒಂದು ಪೆನ್‌ಡ್ರೈವಲ್ಲಿ ಮನೆಗೆ, ಒಂದು ಆನ್‌ಲೈನಲ್ಲಿ. ತಿಂಗಳಿಗೊಂದು ಸಲ ಮನೆ ಲ್ಯಾಪ್‌ಟಾಪಲ್ಲಿ ಆ ಬ್ಯಾಕಪ್ ತೆಗೆದು ನೋಡಿ, ತೆಗೆಯೋಕೆ ಬರ್ದೇ ಇರೋ ಬ್ಯಾಕಪ್ ಇಟ್ಕೊಂಡು ನೆಮ್ಮದಿಯಾಗಿರೋರು ತುಂಬಾ ಜನ ಇದಾರೆ.

ಟ್ರೇಡ್ ಲೈಸೆನ್ಸು, ಜಿಎಸ್‌ಟಿ ಸರ್ಟಿಫಿಕೇಟು, ಉದ್ಯಮ್ ನೋಂದಣಿ, ಹೋಟ್ಲು-ಬೇಕರಿ ಆದ್ರೆ ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸು, ಬಾಡಿಗೆ ಕರಾರು, ಪಾಲಿಸಿ, ಫ್ರಿಡ್ಜು-ಮೆಷಿನ್ನು ತಗೊಂಡ ಬಿಲ್ಲು, ಇವೆಲ್ಲ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ. ಥರ್ಮಲ್ ಕಾಗದದ ಬಿಲ್ಲು ತಾನಾಗೇ ಅಳಿಸಿಹೋಗತ್ತೆ, ಅದನ್ನ ಮೊದ್ಲು ಸ್ಕ್ಯಾನ್ ಮಾಡಿ. ಜಿಎಸ್‌ಟಿ ಕಾನೂನು ಪ್ರಕಾರ ವಾರ್ಷಿಕ ರಿಟರ್ನಿನ ಗಡುವಿಂದ 72 ತಿಂಗಳು ಲೆಕ್ಕ ಕಾಪಾಡ್ಬೇಕು, ಹಳೇ ಪುಸ್ತಕ ಅಂತ ನೆಲದ ಮೇಲೆ ಕಟ್ಟು ಕಟ್ಟಿ ಎಸೆದಿರ್ತೀರಲ್ಲ, ಅವೂ ಗೆರೆಯಿಂದ ಮೇಲೆ ಹೋಗ್ಲಿ.

ಇನ್ನೊಂದು ಅಭ್ಯಾಸ: ತಿಂಗಳ ಒಂದನೇ ತಾರೀಖು ಮೊಬೈಲ್ ಹಿಡ್ಕೊಂಡು ಅಂಗಡಿ, ಗೋಡೌನು ಪೂರ್ತಿ ನಿಧಾನಕ್ಕೆ ವಿಡಿಯೋ ಮಾಡಿ, ರ‍್ಯಾಕು, ಮೂಟೆ, ಮೆಷಿನ್ನಿನ ನಂಬರ್ ಪ್ಲೇಟು ಎಲ್ಲ ಕಾಣ್ಬೇಕು. ಕ್ಲೇಮ್ ಹೊತ್ತಲ್ಲಿ ಖರೀದಿ ಬಿಲ್ಲಿನ ಜೊತೆ ಈ ವಿಡಿಯೋ ಇದ್ರೆ ನಿಮ್ಮ ಮಾತಿಗೆ ಬರೋ ತೂಕನೇ ಬೇರೆ.

ಹೆಜ್ಜೆ 3: ಇನ್ಶೂರೆನ್ಸ್, ಪಾಲಿಸಿ ಕೈಗೆತ್ತಿಕೊಂಡು ಓದಿ

"ಬ್ಯಾಂಕಿನವರು ಮಾಡ್ಸಿದಾರೆ" ಅನ್ನೋ ಉತ್ತರ ನಾನು ತುಂಬಾ ಸಲ ಕೇಳಿದೀನಿ. ಸಾಲ ಇದ್ರೆ ಬ್ಯಾಂಕು ಮಾಡ್ಸಿರತ್ತೆ ನಿಜ, ಆದ್ರೆ ಮೊತ್ತ ಎಷ್ಟು, ಅಡ್ರೆಸ್ ಯಾವುದು, ರಿನ್ಯೂ ಆಗಿದೆಯಾ ಅಂತ ನೋಡ್ಬೇಕಾಗಿರೋದು ನೀವೇ. ಅಂಗಡಿ ನೆಹರೂ ರೋಡಲ್ಲಿ, ಗೋಡೌನ್ ಬೇರೆ ಬೀದಿಯಲ್ಲಿ ಅಂದ್ರೆ ಎರಡೂ ಅಡ್ರೆಸ್ ಪಾಲಿಸಿಯಲ್ಲಿರ್ಬೇಕು.

2021ರ ಏಪ್ರಿಲ್ 1ರಿಂದ ಸಣ್ಣ ವ್ಯಾಪಾರಕ್ಕೆ ಅಂತಲೇ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅನ್ನೋ ಪಾಲಿಸಿ ಬಂದಿದೆ, ಒಂದು ಜಾಗದಲ್ಲಿ ಒಟ್ಟು ಆಸ್ತಿ 5 ಕೋಟಿ ರೂಪಾಯಿವರೆಗೆ ಇರೋರಿಗೆ. ಅದರ ಮೇಲೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ್ ಸುರಕ್ಷಾ. ಇದರಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಎಲ್ಲ ಸೇರಿರತ್ತೆ. ಮಾಮೂಲಿ ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು, ಅಂಗಡಿ ಮುಚ್ಚಿದ್ದ ದಿನಗಳ ಲಾಭ ಹೋಗಿದ್ದಕ್ಕೂ ಬೇರೆ ಕವರ್ ಬೇಕು. ಬಾಡಿಗೆ ಅಂಗಡಿ ಆದ್ರೆ ಕಟ್ಟಡ ಮಾಲೀಕರದ್ದು, ಸರಕು-ಫರ್ನಿಚರ್ ನಿಮ್ಮದು, ಅವರ ಪಾಲಿಸಿಯಿಂದ ನಿಮಗೆ ಏನೂ ಸಿಗಲ್ಲ.

ಜನ ಎಡವೋದು ಮೊತ್ತದಲ್ಲಿ. ಪ್ರೀಮಿಯಂ ಉಳ್ಸೋಕೆ 20 ಲಕ್ಷದ ಸ್ಟಾಕನ್ನ 10 ಲಕ್ಷ ಅಂತ ಬರ್ಸಿರ್ತಾರೆ. ಆಮೇಲೆ 4 ಲಕ್ಷದ ಮಾಲು ಹಾಳಾದ್ರೆ, 10 ಲಕ್ಷದೊಳಗೇ ಇದೆಯಲ್ಲ ಅಂತ ಪೂರ್ತಿ ಕೊಡಲ್ಲ, ಅರ್ಧ ಮೌಲ್ಯಕ್ಕೆ ಇನ್ಶೂರ್ ಮಾಡಿದೀರಿ ಅಂತ 2 ಲಕ್ಷನೇ ಲೆಕ್ಕ ಹಾಕೋದು. ಈ ಪಾಲಿಸಿಯಲ್ಲಿ ಶೇಕಡ 15ರವರೆಗಿನ ಕೊರತೆಗೆ ವಿನಾಯ್ತಿ ಇದೆ, ಅದಕ್ಕಿಂತ ಜಾಸ್ತಿ ಕಮ್ಮಿ ತೋರ್ಸಿದ್ರೆ ಕೈ ಕಚ್ಚತ್ತೆ. ವರ್ಷದಲ್ಲಿ ಸ್ಟಾಕ್ ತುಂಬಾ ಇರೋ ತಿಂಗಳು ಯಾವುದೋ ಆ ಲೆಕ್ಕಕ್ಕೆ ಮಾಡ್ಸಿ, ದೀಪಾವಳಿ ಮುಂಚೆ ಬಟ್ಟೆ ಅಂಗಡಿಯವರು, ಕೊಯ್ಲು ಕಾಲಕ್ಕೆ ಅಡಿಕೆ ಮಂಡಿಯವರು.

ಸರ್ಕಾರ ಪರಿಹಾರ ಕೊಡತ್ತೆ ಅಂತ ನಂಬ್ಕೊಂಡು ಇದನ್ನ ಬಿಡ್ಬೇಡಿ. ವಿಪತ್ತು ನಿಧಿಯ ನಿಯಮಗಳು ಮುಖ್ಯವಾಗಿ ಪ್ರಾಣಹಾನಿ, ಮನೆ, ಬೆಳೆ, ಜಾನುವಾರು ನೋಡ್ಕೊಂಡು ಮಾಡಿರೋದು, ಅಂಗಡಿ ಸರಕಿಗೆ ಅಲ್ಲಿಂದ ದೊಡ್ಡ ಮೊತ್ತ ನಿರೀಕ್ಷೆ ಮಾಡೋ ಹಾಗಿಲ್ಲ.

ಹೆಜ್ಜೆ 4: ಅಂಗಡಿನ ಮಳೆಗಾಲಕ್ಕೆ ಸಜ್ಜು ಮಾಡೋದು

ಮೇ ತಿಂಗಳು ಮುಗಿಯೋದ್ರೊಳಗೆ ಮಾಡಿ, ಆರಿದ್ರಾ ಮಳೆ ಹಿಡಿದ ಮೇಲೆ ಕೆಲಸದವರೂ ಸಿಗಲ್ಲ, ಒಣಗೋದೂ ಇಲ್ಲ. ಹೆಂಚು ಒಡೆದಿದ್ರೆ ಬದಲಾಯ್ಸಿ, ಶೀಟಿನ ಬೋಲ್ಟು ಬಿಗಿ ಮಾಡ್ಸಿ, ಮುಂದಿನ ಚರಂಡಿ ಹೂಳು ತೆಗೆಯೋಕೆ ಪಾಲಿಕೆಗೋ ಪಟ್ಟಣ ಪಂಚಾಯ್ತಿಗೋ ಬೀದಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ, ಒಬ್ಬರೇ ಹೋದ್ರೆ ಓಡಾಟ ಜಾಸ್ತಿ.

ನೆಲಕ್ಕೆ ಮೂಟೆ ಇಡೋದು ಬಿಟ್ಬಿಡಿ, ಮರದ ಹಲಗೆ ಅಥವಾ ಸಿಮೆಂಟ್ ಇಟ್ಟಿಗೆ ಮೇಲೆ ಇರ್ಲಿ. ಸಕ್ಕರೆ, ಉಪ್ಪು, ಗೊಬ್ಬರ, ಸಿಮೆಂಟು, ಔಷಧಿ ಥರ ನೀರು ತಾಗಿದ್ರೆ ಮುಗೀತು ಅನ್ನೋ ಸರಕು ಮೇಲಿನ ಹಂತಕ್ಕೆ, ಪ್ಲಾಸ್ಟಿಕ್ ಬಕೆಟ್ಟು, ಪಾತ್ರೆ, ಪೈಪು ಕೆಳಗೆ. ಅಡಿಕೆ ಇಟ್ಟಿರೋರಿಗೆ ನೀರು ನುಗ್ಗೋದೇ ಬೇಕಿಲ್ಲ, ಗೋಡೆಯ ತೇವ ಸಾಕು ಬೂಸ್ಟು ಹಿಡಿಯೋಕೆ. ಗೋಡೆಗೂ ಚೀಲಕ್ಕೂ ನಡುವೆ ಕೈ ಆಡೋಷ್ಟು ಜಾಗ ಬಿಡಿ, ಅಡಿಕೆಯ ತಳಿ "ರಾಶಿ ಇಡಿ", "ಬೆಟ್ಟೆ", "ಗೊರಬಲು" ಯಾವುದೇ ಆಗ್ಲಿ, ದುಬಾರಿ ಮಾಲು ಒಳಗೆ ಒಣಗಿದ ಕಡೆ.

ಕರೆಂಟಿನ ಮೇನ್ ಬೋರ್ಡು, ಇನ್ವರ್ಟರು, ಬ್ಯಾಟರಿ, ಸಿಸಿಟಿವಿ ಡಬ್ಬಿ ಇವೆಲ್ಲ ಗೆರೆಗಿಂತ ಮೇಲೆ. ಅರ್ತಿಂಗ್ ಚೆಕ್ ಮಾಡ್ಸಿ, ಆರ್‌ಸಿಸಿಬಿ ಇಲ್ದಿದ್ರೆ ಹಾಕ್ಸಿ, ಒದ್ದೆ ಗೋಡೆಯಲ್ಲಿ ಕರೆಂಟು ಇಳಿದು ಜೀವ ಹೋಗೋದನ್ನ ತಡೆಯೋದು ಅದೇ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇದ್ರೂ ಗುಡುಗೋಕೆ ಶುರುವಾಗೋ ಮುಂಚೆನೇ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ಕೇಬಲ್ಲೂ ಸೇರಿ. ಬೆಂಕಿ ಆರ್ಸೋ ಎಬಿಸಿ ಸಿಲಿಂಡರಿನ ಮುಳ್ಳು ಹಸಿರಲ್ಲಿದೆಯಾ ನೋಡಿ, ಮತ್ತೆ ಅದನ್ನ ಬಾಗಿಲ ಹತ್ರ ಇಡಿ, ಮೂಟೆ ಹಿಂದೆ ಅಲ್ಲ. ಹೋಟ್ಲಿನವರು ಗ್ಯಾಸ್ ಸಿಲಿಂಡರನ್ನ ಚೈನಲ್ಲಿ ಗೋಡೆಗೆ ಕಟ್ಟಿ, ನೀರು ಬಂದ್ರೆ ಖಾಲಿ ಸಿಲಿಂಡರು ತೇಲತ್ತೆ. ಗ್ಯಾಸ್ ಸೋರಿಕೆಗೆ 1906.

ದುಡ್ಡಿನ ಸಜ್ಜೂ ಇದರಲ್ಲೇ ಬರತ್ತೆ. ಬಾಡಿಗೆ, ಹುಡುಗರ ಸಂಬಳ, ಸಾಲದ ಕಂತು ಸೇರ್ಸಿ ಒಂದು ತಿಂಗಳಿಗೆ ಎಷ್ಟು ಬೇಕು ಅಂತ ಬರೀರಿ, ಅಷ್ಟು ಆಗೋವರೆಗೆ ದಿನಾ ಪಿಗ್ಮಿ ಕಟ್ಟಿ. ಸ್ವಲ್ಪ ನಗದು ಮನೆಯಲ್ಲಿರ್ಲಿ, ಕರೆಂಟು ಹೋಗಿ ಟವರಿನ ಡೀಸೆಲ್ ಮುಗಿದ್ರೆ ಯುಪಿಐ ನಡಿಯಲ್ಲ, ಎಟಿಎಂ ಕೂಡ ಇಲ್ಲ.

ಹೆಜ್ಜೆ 5: ಯಾರು ಏನು ಮಾಡೋದು, ಒಂದೇ ಹಾಳೆಯಲ್ಲಿ

ದೊಡ್ಡ ಫೈಲ್ ಬೇಡ. ಒಂದು ಹಾಳೆ, ದಪ್ಪ ಅಕ್ಷರ, ಗಲ್ಲಾ ಪಕ್ಕ ಅಂಟ್ಸಿ. ಮೇನ್ ಸ್ವಿಚ್ ಆಫ್ ಮಾಡೋದು ಯಾರು, ಲೆಕ್ಕದ ಪುಸ್ತಕ ತಗೊಂಡು ಹೋಗೋದು ಯಾರು, ಅವರು ರಜೆ ಇದ್ರೆ ಯಾರು. ನಂಬರುಗಳು: ತುರ್ತಿಗೆ 112, ಜಿಲ್ಲಾಡಳಿತದ ಕಂಟ್ರೋಲ್ ರೂಂ 1077, ಕರೆಂಟಿಗೆ 1912, ಜೊತೆಗೆ ನಿಮ್ಮ ಏರಿಯಾದ ಲೈನ್‌ಮನ್, ಕಟ್ಟಡದ ಮಾಲೀಕರು, ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ನಂಬರು ಮತ್ತೆ ಪಾಲಿಸಿ ನಂಬರು. ಡೇಟಾ ಇಲ್ದಾಗ ಎಸ್ಸೆಮ್ಮೆಸ್ ಹೋಗತ್ತೆ ಅಂತ ಹುಡುಗರಿಗೆ ಹೇಳಿಡಿ, ಅದೂ ಆಗ್ದಿದ್ರೆ ಎಲ್ಲಿ ಸೇರೋದು ಅಂತ ಒಂದು ಜಾಗನೂ ಹೇಳಿಡಿ.

ಮತ್ತೆ ಎತ್ತರದ ಬೀದಿಯಲ್ಲಿರೋ ಗೆಳೆಯರ ಹತ್ರ ಈಗ್ಲೇ ಮಾತಾಡಿ, "ನೀರು ಬಂದ್ರೆ ನನ್ನ ಒಂದು ಗಾಡಿ ಮಾಲು ನಿಮ್ಮಲ್ಲಿ ಇಡ್ತೀನಿ, ನಿಮ್ಮಲ್ಲಿ ಏನಾದ್ರೂ ಆದ್ರೆ ನೀವು ನನ್ನಲ್ಲಿ ಇಡಿ" ಅಂತ. ಗೂಡ್ಸ್ ಆಟೋದವರ ಹತ್ರನೂ ಮುಂಗಡ ಮಾತಿರ್ಲಿ, ಆ ದಿನ ಎಲ್ಲರಿಗೂ ಆಟೋ ಬೇಕು. ಕರಾವಳಿ ಕಡೆಯಿಂದ ಮಾಲು ತರ್ಸೋರು ಜುಲೈ-ಆಗಸ್ಟಲ್ಲಿ ಆಗುಂಬೆ ಘಾಟಿ ಮೇಲೆ ಪೂರ್ತಿ ನಂಬಿಕೆ ಇಡದೆ ಬೇರೆ ಕಡೆಯ ಒಬ್ಬ ಸಪ್ಲೈಯರನ್ನ ಗುರ್ತು ಮಾಡ್ಕೊಳ್ಳಿ.

ಹೆಜ್ಜೆ 6: ನೀರು ಏರ್ತಾ ಇದೆ ಅಂತ ಗೊತ್ತಾದ ದಿನ

ರೆಡ್ ಅಲರ್ಟ್ ಅಂದ್ರೆ 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಮೇಲೆ ಬೀಳಬಹುದು ಅಂತ. ಅದು ಶೃಂಗೇರಿ-ತೀರ್ಥಹಳ್ಳಿ ಕಡೆಗೆ ಬಂತು ಅಂದ್ರೆ ಶಿವಮೊಗ್ಗದ ತಗ್ಗಿನವರು ಅವತ್ತೇ ಮಾಲು ಎತ್ತೋಕೆ ಶುರು ಮಾಡಿ. ಮೊದ್ಲು ಲೆಕ್ಕ, ಕಾಗದ, ಹಾರ್ಡ್‌ಡಿಸ್ಕು. ಆಮೇಲೆ ಕಮ್ಮಿ ಜಾಗದಲ್ಲಿ ಹೆಚ್ಚು ಬೆಲೆಯ ಮಾಲು. ಆಮೇಲೆ ಉಳಿದಿದ್ದನ್ನ ಗೆರೆಯಿಂದ ಮೇಲಕ್ಕೆ. ಗಾಡಿಯನ್ನ ಎತ್ತರಕ್ಕೆ ನಿಲ್ಲಿಸಿ. ನೆಲ ಒಣಗಿರುವಾಗಲೇ ಮೇನ್ ಆಫ್ ಮಾಡಿ, ನೀರಲ್ಲಿ ನಿಂತ್ಕೊಂಡು ಸ್ವಿಚ್ ಮುಟ್ಟೋ ಹಾಗಿಲ್ಲ. ಶಟರ್ ಕೆಳಗೆ ಟಾರ್ಪಾಲ್ ಹಾಸಿ ಅದರ ಮೇಲೆ ಮರಳು ಚೀಲ ಎರಡು ಸಾಲು, ನೀರು ಪೂರ್ತಿ ನಿಲ್ಲಲ್ಲ, ಆದ್ರೆ ಕೆಸರು ಕಮ್ಮಿ ಬರತ್ತೆ. ನೀರು ಮೊಣಕಾಲಿಗೆ ಬಂದ ಮೇಲೆ ಒಂದು ಮೂಟೆಗೆ ಅಂತ ಯಾರನ್ನೂ ಒಳಗೆ ಕಳಿಸ್ಬೇಡಿ, ಕೆಲಸದ ಹುಡುಗರು "ಇಲ್ಲ ಅಣ್ಣ, ತರ್ತೀನಿ" ಅಂತಾರೆ, ಬೇಡ ಅನ್ನೋ ಜವಾಬ್ದಾರಿ ನಿಮ್ಮದು.

ಹೆಜ್ಜೆ 7: ನೀರು ಇಳಿದ ಮೇಲೆ ಮೊದಲ ಎರಡು ದಿನ

ಒಳಗೆ ಕಾಲಿಡೋ ಮುಂಚೆ ಫೋಟೋ, ವಿಡಿಯೋ. ಗೋಡೆ ಮೇಲೆ ನೀರಿನ ಗುರ್ತು ಕಾಣೋ ಹಾಗೆ, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು. ಇನ್ಶೂರೆನ್ಸಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಳ್ಳಿ, ಅದನ್ನೇ ಇಮೇಲಲ್ಲೂ ಬರೀರಿ. ಬೀದಿಯವರೆಲ್ಲ ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡೋ ಹಾಗೆ ನೋಡ್ಕೊಳ್ಳಿ, ಬೆಂಕಿ ಆದ್ರೆ ಅಗ್ನಿಶಾಮಕ ಠಾಣೆಯ ವರದಿ ಮತ್ತೆ ಪೊಲೀಸ್ ದೂರು. ನಷ್ಟ ಅಳೆಯೋಕೆ ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬರೋವರೆಗೆ ಹಾಳಾದ ಮಾಲು ಎಸೀಬೇಡಿ. ಕೊಳೆತು ನಾರ್ತಿದೆ, ಇಟ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಪಟ್ಟಿ ಮಾಡಿ, ಎಣಿಸಿ, ಫೋಟೋ ತೆಗೆದು, "ಆರೋಗ್ಯದ ಕಾರಣಕ್ಕೆ ಇಂಥ ದಿನ ವಿಲೇವಾರಿ ಮಾಡ್ತಿದೀವಿ" ಅಂತ ಕಂಪನಿಗೆ ಇಮೇಲ್ ಹಾಕಿ ಆಮೇಲೆ ತೆಗೀರಿ.

ಕೆಸರು ಹಸಿಯಾಗಿದ್ದಾಗಲೇ ತೊಳೀಬೇಕು, ಒಣಗಿದ್ರೆ ಕಲ್ಲು. ಗಂಬೂಟು, ಗ್ಲೌಸು ಇಲ್ದೆ ಯಾರೂ ಇಳೀಬೇಡಿ, ನೆರೆ ನೀರಲ್ಲಿ ಇಲಿ ಜ್ವರದ ಭಯ ನಿಜವಾಗ್ಲೂ ಇದೆ, ಕಾಲಲ್ಲಿ ಗಾಯ ಇದ್ದೋರಂತೂ ಬೇಡ, ಕ್ಲೀನ್ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದ್ರೆ ನೆರೆ ನೀರಲ್ಲಿ ಇಳಿದಿದ್ವಿ ಅಂತ ಡಾಕ್ಟ್ರಿಗೆ ಹೇಳಿ. ನೆಲ, ಗೋಡೆಗೆ ಬ್ಲೀಚಿಂಗ್ ಪೌಡರ್ ನೀರು. ತಿನ್ನೋ ಪದಾರ್ಥ ನೆರೆ ನೀರು ಮುಟ್ಟಿದ್ರೆ ತೊಳೆದು ಒಣಗಿಸಿ ಮಾರೋ ಯೋಚನೆನೇ ಮಾಡ್ಬೇಡಿ.

ಎಲೆಕ್ಟ್ರಿಷಿಯನ್ ನೋಡೋವರೆಗೆ ಕರೆಂಟು ಹಾಕ್ಬೇಡಿ. ಫ್ರಿಡ್ಜು, ಮೋಟ್ರು, ಗ್ರೈಂಡರು "ಒಂದ್ಸಲ ಆನ್ ಮಾಡಿ ನೋಡೋಣ" ಅಂದಾಗಲೇ ಸುಟ್ಟುಹೋಗೋದು. ಮುಳುಗಿದ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಎಂಜಿನ್ನೊಳಗೆ ನೀರಿದ್ರೆ ರಾಡ್ ಬಾಗತ್ತೆ, ಟೋ ಮಾಡ್ಸಿ. ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೂ ಪವರ್ ಕೊಡದೆ, ಬಿಚ್ಚದೆ ಡೇಟಾ ರಿಕವರಿಯವರಿಗೆ ಕೊಡಿ.

ಒದ್ದೆಯಾದ ಲೆಕ್ಕದ ಪುಸ್ತಕ ಬಿಸಿಲಿಗೆ ಹಾಕಿದ್ರೆ ಹಾಳೆ ಅಂಟ್ಕೊಳತ್ತೆ, ಆಗಸ್ಟಲ್ಲಿ ಬಿಸಿಲೂ ಇರಲ್ಲ. ಹಾಳೆ ಬಿಡಿಸೋಕೆ ಹೋಗದೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಯಾರದ್ದಾದ್ರೂ ಡೀಪ್ ಫ್ರೀಜರಲ್ಲಿಡಿ, ಐಸ್‌ಕ್ರೀಂ ಅಂಗಡಿಯವರದ್ದಾದ್ರೂ ಸರಿ. ಹೆಪ್ಪುಗಟ್ಟಿದ್ರೆ ಬೂಸ್ಟು ಹಿಡಿಯೋದು ನಿಲ್ಲತ್ತೆ, ಆಮೇಲೆ ಬಿಡುವಾದಾಗ ಒಂದೊಂದೇ ಪುಸ್ತಕ ತೆಗೆದು ಹಾಳೆ ನಡುವೆ ಬಿಳಿ ಕಾಗದ ಇಟ್ಟು ಫ್ಯಾನ್ ಗಾಳಿಯಲ್ಲಿ ಒಣಗಿಸಬಹುದು. ಹರಿದ, ಒದ್ದೆಯಾದ ನೋಟನ್ನ ಎಸೀಬೇಡಿ, ಆರ್‌ಬಿಐ ನಿಯಮದ ಪ್ರಕಾರ ಬ್ಯಾಂಕಲ್ಲಿ ಬದಲಾಯ್ಸಿ ಕೊಡ್ತಾರೆ.

ಹೆಜ್ಜೆ 8: ಕ್ಲೇಮು, ಬ್ಯಾಂಕು, ಮತ್ತೆ ಶಟರ್ ಎತ್ತೋದು

ಸರ್ವೇಯರಿಗೆ ಕೊಡೋ ಪಟ್ಟಿಯಲ್ಲಿ ಮಾರೋ ಬೆಲೆ ಹಾಕ್ಬೇಡಿ, ಖರೀದಿ ಬೆಲೆ ಹಾಕಿ, ಬಿಲ್ಲಿನ ನಂಬರು ಪಕ್ಕಕ್ಕೆ. ಸಣ್ಣ ಅಂಗಡಿಗಳಲ್ಲಿ ತಪ್ಪಿಹೋಗೋ ಒಂದು ವಿಷ್ಯ ಇದೆ: ನಾಶವಾದ ಸರಕಿನ ಮೇಲೆ ತಗೊಂಡ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನ (ಅಂದ್ರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿನ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದು) ಜಿಎಸ್‌ಟಿ ಕಾನೂನಿನ 17(5)(ಎಚ್) ಪ್ರಕಾರ ವಾಪಸ್ ಕಟ್ಟಬೇಕು. ಹಾಗಾಗಿ ಆ ತೆರಿಗೆ ನಿಮಗೆ ನಷ್ಟನೇ, ಕ್ಲೇಮಲ್ಲಿ ಅದನ್ನೂ ಸೇರ್ಸಿ ಕೇಳಿ. ನಿಮ್ಮ ಲೆಕ್ಕ ನೋಡೋರ ಹತ್ರ ಕೂತು ಇದನ್ನ ಮಾಡ್ಸಿ.

ಕಂಪನಿ ಕೊಡೋ "ಫುಲ್ ಅಂಡ್ ಫೈನಲ್" ಕಾಗದಕ್ಕೆ ಮೊತ್ತ ಓದದೆ ಸಹಿ ಹಾಕ್ಬೇಡಿ. ಕಮ್ಮಿ ಅನ್ಸಿದ್ರೆ ಕಂಪನಿಯ ದೂರು ವಿಭಾಗಕ್ಕೆ ಬರೆದು ಕೊಡಿ, ತಿಂಗಳೊಳಗೆ ಉತ್ತರ ಬರ್ದಿದ್ರೆ ಅಥವಾ ಬಂದ ಉತ್ತರ ಸರಿ ಇಲ್ದಿದ್ರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದ್ರೆ ಇನ್ಶೂರೆನ್ಸ್ ದೂರು ವಿಚಾರಿಸೋ ಅಧಿಕಾರಿ, ಅವರ ಹತ್ರ ಹೋಗಬಹುದು. ಒಬ್ಬರೇ ಮಾಲೀಕರಿರೋ ಅಂಗಡಿ, ಸೂಕ್ಷ್ಮ ಉದ್ಯಮ ಎರಡಕ್ಕೂ ಅವಕಾಶ ಇದೆ, ಫೀಸಿಲ್ಲ, ವಕೀಲರೂ ಬೇಡ.

ಬ್ಯಾಂಕಿಗೆ ಕಂತು ತಪ್ಪೋ ಮುಂಚೆ ಹೋಗಿ, ತಪ್ಪಿದ ಮೇಲೆ ಅಲ್ಲ. ಪ್ರಕೃತಿ ವಿಕೋಪ ಆದ ಕಡೆ ಸಾಲದ ಅವಧಿ ಮರುಹೊಂದಾಣಿಕೆ ಮಾಡೋಕೆ ಬ್ಯಾಂಕುಗಳಿಗೆ ಆರ್‌ಬಿಐ ಮಾರ್ಗಸೂಚಿ ಇದೆ, ಆದ್ರೆ ನೀವು ಲಿಖಿತವಾಗಿ ಕೇಳ್ಬೇಕು, ಫೋಟೋ, ಮಹಜರಿನ ಕಾಪಿ ಜೊತೆಗಿಟ್ಟು.

ಎಲ್ಲ ಸರಿಹೋದ ಮೇಲೆ ತೆಗೀತೀನಿ ಅಂತ ಕಾಯಬೇಡಿ, ಗಿರಾಕಿ ಬೇರೆ ಅಂಗಡಿಗೆ ರೂಢಿ ಆಗಿಬಿಡ್ತಾರೆ. ಅರ್ಧ ಶಟರ್ ಎತ್ತಿ, ದಿನಾ ಓಡೋ ಹತ್ತಿಪ್ಪತ್ತು ಐಟಂ ಇಟ್ಕೊಂಡು ಶುರು ಮಾಡಿ, ಅಂಗಡಿ ತೆರೆದಿದೆ ಅಂತ ಗಿರಾಕಿಗಳಿಗೆ ವಾಟ್ಸಾಪ್ ಹಾಕಿ. ಉದ್ರಿ ವಸೂಲಿಗೆ ಮೊದಲ ವಾರನೇ ಹೋಗ್ಬೇಡಿ, ಅವರ ಮನೆಗೂ ನೀರು ನುಗ್ಗಿರತ್ತೆ, ಲೆಕ್ಕ ಇಷ್ಟಿದೆ ಅಂತ ತೋರ್ಸಿ ಒಪ್ಪಿಗೆ ತಗೊಂಡು ಕಂತು ಮಾಡ್ಕೊಟ್ರೆ ದುಡ್ಡೂ ಬರತ್ತೆ ಗಿರಾಕಿನೂ ಉಳೀತಾರೆ. ತಕ್ಕಡಿ, ಎಲೆಕ್ಟ್ರಾನಿಕ್ ತೂಕದ ಮೆಷಿನ್ನು ರಿಪೇರಿ ಮಾಡ್ಸಿದ್ರೆ ಕಾನೂನು ಮಾಪನ ಇಲಾಖೆಯಲ್ಲಿ ಮತ್ತೆ ಮುದ್ರೆ ಹಾಕ್ಸಿ ಆಮೇಲೆ ಬಳಸಿ.